ಬೋಲ್ಟಿನ ಮೇಲಿನ ಹನಿ

ಮೊದಲೇ ಬಾನೆಟ್ ಎತ್ತಬೇಡಿ. ನಿಂತು ಕೇಳಿ.
ಎಪ್ಪತ್ತೆಂಟರ ಪೆಜೋ ಇದು, ಐನೂರ ನಾಲ್ಕು,
ನಕುರುವಿನಿಂದ ಎಲ್ಡೊರೆಟ್ಟಿಗೆ
ಒಂಬತ್ತು ಜನರನ್ನು, ಹನ್ನೊಂದು ಕೋಳಿಗಳನ್ನು,
ಒಮ್ಮೆ ದಾರಿಯಲ್ಲೇ ಆದ ಹೆರಿಗೆಯನ್ನು
ಹೊತ್ತು ಏರಿದ ಗಾಡಿ.
ಈಗ ಎಲ್ಲರೂ ಕ್ಲಾಸಿಕ್ ಅನ್ನುತ್ತಾರೆ.
ಬಾಡಿಗೆಗೆ ಓಡಿಸುತ್ತಿದ್ದಾಗ
ಬರೀ ಹಳೇದು ಅನ್ನುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು.

ನೈರೋಬಿಯ ಕೆಲವರು ಇಂಥದ್ದನ್ನೇ
ಲಾರಿಯ ಬೆನ್ನ ಮೇಲೆ ಮಲಗಿಸಿ ಪ್ರದರ್ಶನಕ್ಕೆ ತರುತ್ತಾರೆ,
ಟೈರಿನ ಸಂದಿಯ ಧೂಳನ್ನು
ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದು.
ತಪ್ಪು ಅನ್ನಲಾರೆ. ಆದರೆ ಓಡದ ಕಾರಿಗೆ ಪಾಲಿಶು
ಗೊಡ್ಡು ಹಸುವಿನ ಕೊಂಬಿಗೆ ಬಣ್ಣ ಬಳಿದ ಹಾಗೆ.
ಸೀಲು ಒಣಗುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ,
ಟ್ಯಾಂಕಿನೊಳಗೆ ಪೆಟ್ರೋಲು ಹಳಸುತ್ತದೆ.
ವಾರಕ್ಕೊಮ್ಮೆಯಾದರೂ ಮಾವು ಸಮ್ಮಿಟ್ಟಿನ ಏರಿಗೆ ಬಿಡಿ,
ಗಂಟಲು ಬಿಚ್ಚಿಕೊಳ್ಳಲಿ.

ಬೆಳಿಗ್ಗೆ ಎಬ್ಬಿಸಿದ ಕೂಡಲೇ ಗದರಿಸಬೇಡಿ.
ಚೋಕ್ ಎಳೆದು ಅರ್ಧ ಲೋಟ ಚಹಾ ಕುಡಿಯಿರಿ.
ಐದು ಸಾವಿರಕ್ಕೆ ಆಯಿಲು,
ಕೆಂಪು ಮಣ್ಣಿನ ದಾರಿಯಾದರೆ ಮೂರಕ್ಕೇ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಟ್ಯಾಪೆಟ್ ಮುಚ್ಚಳಕ್ಕೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ:
ಹೊಲಿಗೆ ಯಂತ್ರದ ಸದ್ದು ಬಂದರೆ ಕ್ಷೇಮ.
ಸದ್ದೇ ಇಲ್ಲವೋ, ಹೆದರಿ.
ಬಿಗಿಯಾದ ವಾಲ್ವು
ಯಾರಿಗೂ ಹೇಳದೆ ಸುಟ್ಟುಕೊಳ್ಳುತ್ತದೆ.

ಇನ್ನು ಷೋರೂಮಿನ ಮಾತು. ಕೇಳಿದ್ದು ನೀವೇ.
ಮಗಳು ಮುಗುರೆ ಹೊಸ ಕಾರು ಕೊಂಡಳಲ್ಲ,
ಗಾಜಿನ ಗೋಡೆ, ಏಸಿ, ಪುಕ್ಕಟೆ ಕಾಫಿ.
ಪುಕ್ಕಟೆ ಕಾಫಿಯ ಬೆಲೆ
ಬಿಲ್ಲಿನ ಮೂರನೇ ಸಾಲಿನಲ್ಲಿರುತ್ತದೆ, ‘ಇತರೆ ಸಾಮಗ್ರಿ’ ಅಂತ.
ಒಳಗೆ ಹೋಗಲು ಹೊರಟೆ.
ಟೈ ಕಟ್ಟಿದ ಹುಡುಗ ತಡೆದ:
ಬರಬಾರದು ಅಜ್ಜಾ, ವಿಮೆಯ ನಿಯಮ.
ವಿಮೆಗೆ ನಾನು ಅಪಾಯವೋ, ಆಯಿಲಿಗೋ?

ಹಿಂದಿನ ರಾತ್ರಿಯೇ ಕಾರಿನಡಿ ನುಸುಳಿ,
ವಂಜೀರಾಳ ಉಗುರುಬಣ್ಣ, ಚೆರ್ರಿ ಕೆಂಪು,
ಆಯಿಲ್ ಬೋಲ್ಟಿಗೂ ಸಂಪಿಗೂ ಸೇರುವಂತೆ
ಒಂದೇ ಒಂದು ಹನಿ ಇಟ್ಟಿದ್ದೆ.
ಯಾರಿಗೆ ಇದು, ಅಂದಳು.
ಒಂದು ಹೊಸ ಕಾರಿಗೆ, ಅಂದೆ. ನಂಬಲಿಲ್ಲ.

ಹದಿನಾಲ್ಕು ಸಾವಿರ ಶಿಲಿಂಗು ಬಿಲ್ಲು.
ಆಯಿಲು ಬದಲಿಸಲಾಗಿದೆ, ಸಹಿ, ಮೊಹರು.
ಮನೆಗೆ ಬಂದು ಬೆನ್ನ ಮೇಲೆ ಜಾರಿ ನೋಡಿದೆ:
ಕೆಂಪು ಹನಿ ಕೂದಲೆಳೆಯಷ್ಟೂ ಒಡೆದಿರಲಿಲ್ಲ.
ಮೇಲಿನಿಂದ ಹೀರಿ ತೆಗೆಯುವ ಯಂತ್ರ ಇದೆಯಂತೆ,
ಆಮೇಲೆ ಹಾಗಂದರು. ಇರಬಹುದು.
ಡಿಪ್‌ಸ್ಟಿಕ್ಕಿನಲ್ಲಿದ್ದ ಆಯಿಲು ಮಾತ್ರ
ಹೋದಾಗಿನಷ್ಟೇ ಕಪ್ಪಗಿತ್ತು.

ಒಡೇರಾನ ಬಳಿ ಕಾಫಿ ಇಲ್ಲ.
ಜುವಾ ಕಾಲಿ ಅನ್ನುತ್ತೇವೆ ನಾವು, ಸುಡುಬಿಸಿಲು;
ಅದೇ ಅವನ ಛಾವಣಿ, ಅದೇ ಅವನ ಬೋರ್ಡು.
ಮಂಗಳವಾರ ಅಂದರೆ ಶುಕ್ರವಾರ,
ಕೊಂಡೊಯ್ದ ನನ್ನ ಜಾಕು ಆರು ವರ್ಷದಿಂದ ಅವನಲ್ಲೇ.
ಸಂತನೇನಲ್ಲ.
ಆದರೆ ಒಂದು ಸಂಜೆ ಫೋನು ಮಾಡಿದ, ಬನ್ನಿ ಅಂತ.
ಹೋದೆ. ಗ್ರೀಸು ಮೆತ್ತಿದ ಅಂಗೈ ಬಿಚ್ಚಿದ,
ನಡುವೆ ಮುರಿದ ಸ್ಟಡ್ಡಿನ ತುಂಡು.
ನಾನೇ ಮುರಿದೆ, ಅಂದ. ಒಂದು ಸುತ್ತು ಹೆಚ್ಚಾಯಿತು.

ನನಗೇನು ಗೊತ್ತಾಗುತ್ತಿತ್ತು?
ಅಂಟು ಬಳಿದು ಮುಚ್ಚಿದ್ದರೆ ಎರಡು ವರ್ಷ ನಡೆಯುತ್ತಿತ್ತು.
ಒಳಗುಳಿದ ಅರ್ಧ ತೆಗೆಯಲು ನಾಲ್ಕು ಗಂಟೆ.
ಟಾರ್ಚು ಹಿಡಿದವನು ನಾನು,
ಬಾಯಿಗೆ ಬಂದಂತೆ ಬೈದವನೂ ನಾನೇ.

ಆ ತುಂಡು ಡ್ಯಾಶ್‌ಬೋರ್ಡಿನ ಬೂದಿಗುಣಿಯಲ್ಲಿದೆ,
ಗುಂಡಿ ಸಿಕ್ಕಾಗ ಕಿಣಿಕಿಣಿ ಅನ್ನುತ್ತದೆ.
ಅದು ಎಂಜಿನ್ನಿನ ಸದ್ದಲ್ಲ, ಗಾಬರಿಯಾಗಬೇಡಿ.
ಬನ್ನಿ, ಕೂತುಕೊಳ್ಳಿ.
ಬಾಗಿಲು ಎಳೆದು ಬಡಿಯಬೇಡಿ,
ಮೆಲ್ಲಗೆ ತಳ್ಳಿದರೂ ಹಾಕಿಕೊಳ್ಳುತ್ತದೆ.